ಜೆಲ್ ಉಗುರು ಹಾಕಿಸಿದ ಮೇಲೆ ಕಣ್ಣುರೆಪ್ಪೆ ಊದಿದೆ, ಎರಡಕ್ಕೂ ಸಂಬಂಧ ಇದೆಯಾ?

ತುಮಕೂರು ತಂಗಿ:
ಅಣ್ಣನ ಮದುವೆಗೆ ಅಂತ ಇಲ್ಲೇ ಒಂದು ಪಾರ್ಲರ್‌ನಲ್ಲಿ ಜೆಲ್ ಉಗುರು ಹಾಕಿಸಿಕೊಂಡೆ. ಮದುವೆ ಮುಗಿಯುವಷ್ಟರಲ್ಲಿ ಉಗುರಿನ ಸುತ್ತ ತುರಿಕೆ ಶುರುವಾಯಿತು. ಈಗ ಬೆರಳ ತುದಿ ಒಡೆದಿದೆ, ಸಾರಿಗೆ ಹುಣಸೆಹಣ್ಣು ಕಿವುಚಲೂ ಆಗುತ್ತಿಲ್ಲ. ಕಣ್ಣುರೆಪ್ಪೆ ಬೇರೆ ಊದಿಕೊಂಡಿದೆ, ಕಣ್ಣಿಗೆ ನಾನು ಏನೂ ಹಚ್ಚಿಲ್ಲ. ಪಾರ್ಲರ್‌ನವರು "ಉಷ್ಣ ಆಗಿದೆ, ಎಳನೀರು ಕುಡಿಯಿರಿ" ಅಂದರು. ಮುಂದಿನ ತಿಂಗಳು ಅತ್ತಿಗೆಯ ತವರಲ್ಲಿ ಗೃಹಪ್ರವೇಶ ಇದೆ. ಆನ್‌ಲೈನ್‌ನಲ್ಲಿ ಜೆಲ್ ಗಟ್ಟಿ ಮಾಡುವ ಲ್ಯಾಂಪ್ ಸಮೇತ ಕಿಟ್ ಸಿಗುತ್ತದೆ. ಮನೆಯಲ್ಲೇ ಹಾಕಿಕೊಂಡರೆ ಪರವಾಗಿಲ್ವಾ?

ಚಿಕ್ಕಬಳ್ಳಾಪುರದ ಅಕ್ಕ:
ತಂಗಿ, ದಯವಿಟ್ಟು ಆ ಕಿಟ್ ತರಿಸಬೇಡಿ. ನನ್ನದೇ ಪಾರ್ಲರ್ ಇದೆ, ಉಗುರಿನ ಕೆಲಸವೇ ಜಾಸ್ತಿ. ನೀವು ಹೇಳುವುದು ಉಷ್ಣ ಅಲ್ಲ, ಅಕ್ರಿಲೇಟ್ ಅಲರ್ಜಿ ಥರ ಕಾಣುತ್ತದೆ.

ಎಷ್ಟೋ ಜೆಲ್‌ಗಳಲ್ಲಿ ಹೆಮಾ ಅನ್ನುವ, ಅಕ್ರಿಲೇಟ್ ಜಾತಿಯ ರಾಸಾಯನಿಕ ಇರುತ್ತದೆ. ಲ್ಯಾಂಪ್ ಕೆಳಗೆ ಪೂರ್ತಿ ಗಟ್ಟಿಯಾದ ಮೇಲೆ ಅದರ ಕಾಟ ಕಡಿಮೆ. ಹಸಿ ಜೆಲ್ ಚರ್ಮಕ್ಕೆ ಮೆತ್ತಿದರೆ, ಇಲ್ಲ ಲ್ಯಾಂಪ್ ಸರಿಯಿಲ್ಲದೆ ಒಳಗೆ ಹಸಿ ಉಳಿದರೆ ತೊಂದರೆ. ಅದೇ ಬೆರಳು ಕಣ್ಣು, ಕತ್ತು ಎಲ್ಲಾ ಕಡೆ ಹೋಗುತ್ತದೆ ಅಲ್ವಾ? ರೆಪ್ಪೆಯ ಚರ್ಮ ತುಂಬಾ ತೆಳು, ಅದಕ್ಕೇ ಅಲ್ಲಿ ಬೇಗ ಊದುತ್ತದೆ. ಮನೆಯಲ್ಲಿ ಹಾಕಿಕೊಳ್ಳುವಾಗ ಚರ್ಮಕ್ಕೆ ತಾಗುವುದೇ ಹೆಚ್ಚು. ಯುರೋಪಿನಲ್ಲಿ 2021ರಿಂದ ಹೆಮಾ ಇರುವ ಉಗುರಿನ ಸಾಮಾನಿನ ಮೇಲೆ, ಕೆಲಸ ಬಲ್ಲವರು ಮಾತ್ರ ಬಳಸಬೇಕು ಅಂತ ಬರೆಯುವುದು ಕಡ್ಡಾಯ.

ಈಗಿರುವುದನ್ನು ಕಿತ್ತು ತೆಗೆಯಬೇಡಿ, ನಿಮ್ಮ ಸ್ವಂತ ಉಗುರೂ ಪದರ ಪದರವಾಗಿ ಎದ್ದು ಬರುತ್ತದೆ. ಒಡೆದ ಚರ್ಮಕ್ಕೆ ಜೆಲ್ ತೆಗೆಯುವ ಅಸಿಟೋನ್ ಕೂಡ ಉರಿ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಹೇಗೆ ತೆಗೆಸಬೇಕು ಅಂತ ಅವರನ್ನೇ ಕೇಳಿ.

ಇದನ್ನು ಓದುವ ಪಾರ್ಲರ್ ಹುಡುಗಿಯರಿಗೂ ಒಂದು ಮಾತು. ಲ್ಯಾಟೆಕ್ಸ್ ಗ್ಲೌಸ್ ನಂಬಬೇಡಿ, ಹೆಮಾ ನಿಮಿಷಗಳಲ್ಲೇ ಒಳಗಿಳಿಯುತ್ತದೆ. ನೈಟ್ರೈಲ್ ಹಾಕಿ, ಅದಕ್ಕೂ ಜೆಲ್ ಮೆತ್ತಿದರೆ ತಕ್ಷಣ ಬದಲಿಸಿ. ದಿನವಿಡೀ ಇದರಲ್ಲೇ ಕೈಯಿಡುವವರು ನೀವು. ನಿಮ್ಮ ಕೈ ಹೇಗಿದೆ ಅಂತ ಗಿರಾಕಿ ಯಾರೂ ಕೇಳುವುದಿಲ್ಲ.

ಕೋಲಾರದಿಂದ:
ನಾನು ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಹಲ್ಲಿಗೆ ಬಿಳಿ ಫಿಲ್ಲಿಂಗ್ ಕೂರಿಸುವ ಎಷ್ಟೋ ಅಂಟುಗಳಲ್ಲಿ ಇದೇ ಹೆಮಾ ಇದೆ. ಮಂಡಿ ಬದಲಿಸುವಾಗ ಹಾಕುವ ಸಿಮೆಂಟ್ ಕೂಡ ಇದೇ ಜಾತಿಯದು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ನೀರು ತಾಗಬಾರದು. ತೆಗೆದ ಮೇಲೆ ಇನ್ನೊಮ್ಮೆ ತೋರಿಸಲು ಹೋಗಬೇಕು. ಅಲರ್ಜಿ ಅಂತ ಬಂದ ರಾಸಾಯನಿಕದ ಹೆಸರು ಬರೆಸಿಕೊಂಡು, ಹಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಿ.

ತುಮಕೂರು ತಂಗಿ:
ತುಂಬಾ ಥ್ಯಾಂಕ್ಸ್. ಹಾಗಾದರೆ ಗಮ್ ಹಾಕಿ ಅಂಟಿಸುವ ರೆಡಿ ಉಗುರು?

ಚಿಕ್ಕಬಳ್ಳಾಪುರದ ಅಕ್ಕ:
ಅದೂ ಸದ್ಯಕ್ಕೆ ಬೇಡ. ಆ ಗಮ್ ಸಯನೋಅಕ್ರಿಲೇಟ್, ಅದಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ. ಹತ್ತಿ ಬಟ್ಟೆ ಮೇಲೆ ಚೆಲ್ಲಿದರೆ ಕಾದು ಚರ್ಮ ಸುಡುತ್ತದೆ, ಮಕ್ಕಳಿರುವ ಮನೆಯಲ್ಲಿ ಹುಷಾರು. ಗೃಹಪ್ರವೇಶದ ಹೊತ್ತಿಗೆ ಬೆರಳು ಪೂರ್ತಿ ಮಾಗಿದ್ದರೆ ಗೋರಂಟಿ ಸೊಪ್ಪು ರುಬ್ಬಿ ಹಚ್ಚಿಕೊಳ್ಳಿ. ಕಪ್ಪು ಮೆಹೆಂದಿ ಕೋನ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಎಷ್ಟೋ ಸಲ ಕೂದಲಿನ ಡೈಗೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ, ಅದರಿಂದಲೂ ಅಲರ್ಜಿ ಆಗುತ್ತದೆ.