ಗಾಯಾಳುವಿನ ಮೈಮೇಲೆ ವಿಕಿರಣಶೀಲ ಧೂಳಿದ್ದರೆ ಮೊದಲು ತೊಳೆಯಬೇಕೋ, ಚಿಕಿತ್ಸೆ ಕೊಡಬೇಕೋ?

ಪ್ರಶ್ನೆ (ತುರ್ತು ವಿಭಾಗದ ಶುಶ್ರೂಷಕಿ):
ನಾನು ಭಾಗವಹಿಸಿದ್ದ ಅಣಕು ಕಾರ್ಯಾಚರಣೆಯೊಂದರಲ್ಲಿ, ತೊಡೆಯಿಂದ ರಕ್ತ ಸೋರುತ್ತಿರುವಂತೆ ನಟಿಸುತ್ತಿದ್ದ ರೋಗಿಯನ್ನು ಮೈ ತೊಳೆದು ಮುಗಿಯುವವರೆಗೂ ಬಾಗಿಲಾಚೆಯೇ ನಿಲ್ಲಿಸಿದ್ದರು. ನಿಜವಾದ ಗಾಯಾಳುವಾಗಿದ್ದರೆ ಅಷ್ಟರಲ್ಲಿ ಅವನ ಪ್ರಾಣವೇ ಹೋಗುತ್ತಿತ್ತಲ್ಲವೇ? ಸರಿಯಾದ ಕ್ರಮ ಯಾವುದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ತುರ್ತು ಚಿಕಿತ್ಸಾ ವೈದ್ಯ):
ನಿಮ್ಮ ಆತಂಕ ಸರಿಯಾಗಿದೆ. ಉಸಿರಾಟ, ರಕ್ತಸ್ರಾವ, ಆಘಾತ ಇವುಗಳ ಚಿಕಿತ್ಸೆಯೇ ಮೊದಲು, ಶುದ್ಧೀಕರಣ ಆಮೇಲೆ. ಒಬ್ಬರು ರಕ್ತಸ್ರಾವ ನಿಲ್ಲಿಸುತ್ತಿರುವಾಗಲೇ ಇನ್ನೊಬ್ಬರು ಬಟ್ಟೆಯನ್ನು ಕತ್ತರಿಸಿ, ಧೂಳು ಏಳದಂತೆ ಒಳಮಗ್ಗುಲಿಗೆ ಸುತ್ತಿ ತೆಗೆದು ಚೀಲದಲ್ಲಿ ಕಟ್ಟಿಟ್ಟರೆ, ಹೊರಗಿನ ಕಲ್ಮಷದ ಬಹುಪಾಲು ಅಲ್ಲಿಗೇ ಹೋಗುತ್ತದೆ. ಸಿಬ್ಬಂದಿಗೆ ಎರಡು ಜೊತೆ ಗ್ಲೌಸ್, ಗೌನ್, ಎನ್‌95 ಮಾಸ್ಕ್ ಬೇಕು. ಹೊರಗಿನಿಂದ ವಿಕಿರಣ ಹಾಯ್ದುಹೋದವನ ಮೈಯಿಂದ, ಎಕ್ಸ್‌ರೇ ತೆಗೆಸಿಕೊಂಡವನ ಮೈಯಿಂದ ಹೇಗೋ ಹಾಗೆಯೇ, ಯಾವ ವಿಕಿರಣವೂ ಹೊಮ್ಮುವುದಿಲ್ಲ. ಧೂಳು ಮೆತ್ತಿಕೊಂಡವನ ವಿಷಯ ಬೇರೆ. ಇವೆರಡನ್ನು ಬೆರೆಸಿಕೊಳ್ಳುವುದರಿಂದಲೇ ಅನೇಕರು ರೋಗಿಯನ್ನು ಮುಟ್ಟಲು ಹೆದರುತ್ತಾರೆ.

ಉತ್ತರ 2 (ವಿಕಿರಣ ಸುರಕ್ಷತಾ ಅಧಿಕಾರಿ):
ಸ್ಥಿತಿ ಸ್ಥಿರವಾದ ಮೇಲೆ ಮೊದಲು ಗಾಯ, ಆಮೇಲೆ ಬಾಯಿ ಮೂಗುಗಳು, ಕಡೆಗೆ ಗಾಯವಿಲ್ಲದ ಚರ್ಮ. ಗಾಯದ ಸುತ್ತ ಜಲನಿರೋಧಕ ಹೊದಿಕೆ ಹಾಸಿ, ಸಲೈನ್‌ನಿಂದ ತೊಳೆದು, ಪ್ರತಿ ಸಲವೂ ಸರ್ವೇ ಮೀಟರಿನಲ್ಲಿ (ವಿಕಿರಣ ಅಳೆಯುವ ಉಪಕರಣ) ಅಳೆಯಬೇಕು. ಒಳಗೆ ಚೂರು ಸಿಕ್ಕಿದ್ದರೆ ಅದನ್ನು ಬೆರಳಿನಿಂದ ಮುಟ್ಟದೆ ಉದ್ದನೆಯ ಇಕ್ಕಳದಿಂದ ತೆಗೆದು ಸೀಸದ ಡಬ್ಬಿಗೆ ಹಾಕಬೇಕು. ಚರ್ಮಕ್ಕೆ ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು ಸಾಕು. ಚರ್ಮ ತರಚುವಂತೆ ಉಜ್ಜಿದರೆ ಕಲ್ಮಷ ಒಳಗಿಳಿಯುತ್ತದೆ. ಎಷ್ಟು ತೊಳೆದರೂ ಅಳತೆ ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ವಾಂತಿ ಆರಂಭವಾದ ಸಮಯವನ್ನು ದಯವಿಟ್ಟು ಬರೆದಿಡಿ. ಮೈಗೆ ತಾಗಿದ ವಿಕಿರಣದ ಪ್ರಮಾಣವನ್ನು ಅಂದಾಜಿಸಲು ಅದೂ, ಮತ್ತೆ ಮತ್ತೆ ಮಾಡುವ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆಯೂ ಬೇಕಾಗುತ್ತವೆ.

ಪ್ರಶ್ನೆ ಕೇಳಿದವರು:
ತೊಳೆದ ನೀರು ಚರಂಡಿಗೆ ಹೋದರೆ? ಎಲ್ಲರಿಗೂ ಅಯೋಡಿನ್ ಮಾತ್ರೆ ಕೊಡಬೇಕೇ?

ಉತ್ತರ 3 (ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆ):
ನೀರನ್ನು ಹಿಡಿದಿಡಲು ಸಾಧ್ಯವಾದರೆ ಹಿಡಿದಿಡಿ. ಅದಕ್ಕಾಗಿ ಚಿಕಿತ್ಸೆಯನ್ನು ತಡಮಾಡಬೇಡಿ. ಅಯೋಡಿನ್ ಮಾತ್ರೆ ಕಾಪಾಡುವುದು ಥೈರಾಯ್ಡನ್ನು, ಅದೂ ವಿಕಿರಣಶೀಲ ಅಯೋಡಿನ್ನಿನಿಂದ ಮಾತ್ರ. ಮೈಯೊಳಗೆ ಸೇರಿದ ವಿಕಿರಣಶೀಲ ಸೀಸಿಯಂ ಅನ್ನು ಹೊರಹಾಕಲು ಪ್ರಷ್ಯನ್ ಬ್ಲೂ, ಪ್ಲುಟೋನಿಯಂಗೆ ಡಿಟಿಪಿಎ ಎಂಬ ಔಷಧ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಸೀಸಿಯಂ-137 ಗುಜರಿಗೆ ಸೇರಿ ಒಡೆದಾಗ, ಸುಮಾರು 1,12,000 ಜನರನ್ನು ತಪಾಸಣೆ ಮಾಡಲಾಯಿತು. ಕಲ್ಮಷ ಕಂಡದ್ದು 249 ಮಂದಿಯಲ್ಲಿ. ಸತ್ತ ನಾಲ್ವರಲ್ಲಿ ಆರು ವರ್ಷದ ಬಾಲಕಿಯೂ ಒಬ್ಬಳು. ಅವಳ ಶವಸಂಸ್ಕಾರಕ್ಕೆ ಅಡ್ಡಿಪಡಿಸಲು ಜನರು ಕಲ್ಲು ತೂರಿದರು. ಆ ಭಯ ಆಸ್ಪತ್ರೆಯ ಒಳಗೂ ಬರುತ್ತದೆ. ಆದ್ದರಿಂದ ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಆ ರೋಗಿಯನ್ನು ನೇರವಾಗಿ ಒಳಗೆ ಕರೆದುಕೊಳ್ಳುವಂತೆ ನೀವೇ ಒತ್ತಾಯಿಸಿ.