‘ಶರಿಯತ್ತೇ ಶಾಸನದ ಮೂಲ’ ಅಂದರೆ ಕೋರ್ಟಿನಲ್ಲಿ ಏನಾಗುತ್ತದೆ? ಭಾನುವಾರದ ಪ್ರಶ್ನೋತ್ತರ

(ಉತ್ತರ: ತುಲನಾತ್ಮಕ ಸಂವಿಧಾನ ಪಾಠ ಮಾಡುವ ವಕೀಲೆ. ಕೇಳಿದವರ ಹೆಸರಿನ ಬದಲು ಊರು ಹಾಕಿದೆ.)

ಹಾಸನ: ಮೇಡಂ, ಒಂದು ಫಾರ್ವರ್ಡ್ ಬಂದಿದೆ. ‘57 ಮುಸ್ಲಿಂ ದೇಶಗಳಲ್ಲೂ ಕುರಾನೇ ಸಂವಿಧಾನ’ ಅಂತೆ. ನಿಜವೇ?

ಮೇಡಂ: ಸುಳ್ಳು. 57 ಎಂಬುದು ಇಸ್ಲಾಮಿಕ್ ಸಹಕಾರ ಸಂಘಟನೆಯ ಸದಸ್ಯರ ಲೆಕ್ಕ. ಅದರಲ್ಲಿ ಗಯಾನಾ, ಉಗಾಂಡಾ ಕೂಡ ಇವೆ; ಅಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರು. ಕುರಾನ್ ಮತ್ತು ಸುನ್ನತ್ತೇ (ಪ್ರವಾದಿಯ ನಡೆನುಡಿಯ ಮಾದರಿ) ತನ್ನ ಸಂವಿಧಾನ ಎಂದು ಬರೆದುಕೊಂಡಿರುವುದು ಸೌದಿ, 1992ರ ಮೂಲಶಾಸನದ 1ನೇ ವಿಧಿಯಲ್ಲಿ. ತುರ್ಕಿ 1928ರಲ್ಲೇ ರಾಷ್ಟ್ರಧರ್ಮದ ವಾಕ್ಯ ತೆಗೆದುಹಾಕಿತು. ದಯವಿಟ್ಟು ಈ ಪಟ್ಟಿಯನ್ನು ಇನ್ನೊಂದು ಗುಂಪಿಗೆ ದಾಟಿಸಬೇಡಿ.

ಧಾರವಾಡ: ಈಜಿಪ್ಟಿನ 2ನೇ ವಿಧಿಯೊಳಗ ಶರಿಯತ್ತಿನ ತತ್ವಗಳೇ ಶಾಸನದ ಪ್ರಧಾನ ಮೂಲ ಅಂತ ಐತಿ. ಶರಿಯತ್ತಿನೊಳಗ ಬಡ್ಡಿ ನಿಷಿದ್ಧ ಅಂತಾರ, ಹಂಗಾದ್ರ ಅಲ್ಲಿ ಕಾನೂನಿನ ಪ್ರಕಾರನ ಬಡ್ಡಿ ವಸೂಲಿ ಹೆಂಗ ನಡೀತೈತಿ?

ಮೇಡಂ: ಒಳ್ಳೆಯ ಪ್ರಶ್ನೆ. ಮೊದಲು ಪದ ನೋಡಿ. 1971ರಲ್ಲಿ ಇದ್ದದ್ದು ‘ಮಸ್ದರ್ ರಈಸಿ’, ಅಂದರೆ ಪ್ರಧಾನ ಮೂಲಗಳಲ್ಲಿ ಒಂದು. 1980ರ ಮೇ 22ರ ತಿದ್ದುಪಡಿಯಲ್ಲಿ ಎರಡು ಪದಕ್ಕೂ ‘ಅಲ್’ (ಇಂಗ್ಲಿಷಿನ ‘the’ ಇದ್ದ ಹಾಗೆ) ಸೇರಿತು: ‘ಅಲ್‌ಮಸ್ದರ್ ಅರ್ರಈಸಿ’. ‘ಒಂದು ಮೂಲ’ ಹೋಗಿ ‘ಅದೇ ಮೂಲ’ ಆಯಿತು.

ಅಷ್ಟರಲ್ಲಿ ಕೈರೋದ ಹೆಸರಾಂತ ಇಸ್ಲಾಮಿಕ್ ವಿದ್ಯಾಕೇಂದ್ರವಾದ ಅಲ್ ಅಝ್ಹರ್ ವಿಶ್ವವಿದ್ಯಾಲಯವೇ ಬಡ್ಡಿಯ ಗಂಟಿಗೆ ಸಿಕ್ಕಿತ್ತು. ಅದರ ವೈದ್ಯಕೀಯ ವಿಭಾಗಕ್ಕೆ ಶಸ್ತ್ರಚಿಕಿತ್ಸೆಯ ಸಲಕರಣೆ ಕೊಟ್ಟವರ ಬಾಕಿ ಉಳಿದು, ಸಿವಿಲ್ ಸಂಹಿತೆಯ 226ನೇ ವಿಧಿಯ ಪ್ರಕಾರ ಶೇ. 4 ಬಡ್ಡಿ ಸೇರಿಸಿ ಕೊಡಿ ಎಂದು ಆದೇಶವಾಯಿತು. ಅಲ್ ಅಝ್ಹರ್ ಮುಖ್ಯಸ್ಥರು ಆ ವಿಧಿಯೇ ಶರಿಯತ್‌ಗೆ ವಿರುದ್ಧ ಎಂದರು. 1985ರ ಮೇ 4ರಂದು ಸರ್ವೋಚ್ಚ ಸಂವಿಧಾನ ಕೋರ್ಟು ಅರ್ಜಿ ತಳ್ಳಿಹಾಕಿತು. ಬಡ್ಡಿ ಹಲಾಲೋ ಹರಾಮೋ ಎಂದು ಅದು ಹೇಳಲೇ ಇಲ್ಲ! ತಿದ್ದುಪಡಿ ಕಟ್ಟಿಹಾಕುವುದು ಶಾಸಕಾಂಗವನ್ನು, ಅದೂ ಅಲ್ಲಿಂದ ಮುಂದಕ್ಕೆ, ಸಂಹಿತೆ 1948ರದ್ದು, ಹಳೆಯದನ್ನು ಸರಿಪಡಿಸುವುದು ಶಾಸಕರ ಹೊಣೆ, ಎಂದಿತು.

ಆದ್ದರಿಂದ ಈಜಿಪ್ಟಿನ ಯಾವುದೇ ಕಾನೂನು ಕೈಗೆ ಬಂದರೆ ಮೊದಲು ದಿನಾಂಕ ನೋಡಿ. 1980ರ ನಂತರದ್ದಾದರೆ ಎರಡನೇ ಜರಡಿ: ಶರಿಯತ್ತಿನ ಮೂಲಪಾಠದ ಅಧಿಕೃತತೆ, ಅರ್ಥ ಎರಡೂ ನಿಸ್ಸಂಶಯವಾದ ನಿಯಮಕ್ಕೆ ಇದು ವಿರುದ್ಧವೇ? ಅಲ್ಲದಿದ್ದರೆ ಕಾಲಕ್ಕೆ ತಕ್ಕ ವ್ಯಾಖ್ಯಾನಕ್ಕೆ ಜಾಗವಿದೆ. ಶಾಲೆಗಳಲ್ಲಿ ಮುಖ ಮುಚ್ಚುವ ನಿಖಾಬ್ ನಿಷೇಧಿಸಿದ 1994ರ ಸಚಿವರ ಆದೇಶ 1996ರಲ್ಲಿ ಉಳಿದದ್ದು ಈ ಎರಡನೇ ಜರಡಿಯಲ್ಲೇ. 2012ರ ಸಂವಿಧಾನ 219ನೇ ವಿಧಿಯಲ್ಲಿ ‘ತತ್ವಗಳು’ ಎಂಬುದಕ್ಕೆ ಸಾಂಪ್ರದಾಯಿಕ ವಿವರಣೆ ಬರೆದು ಈ ಜಾಗವನ್ನು ಕಿರಿದು ಮಾಡಲು ಹೊರಟಿತು. 2014ರಲ್ಲಿ ಆ ವಿಧಿ ಹೋಯಿತು, ಪೀಠಿಕೆ ಮತ್ತೆ ಕೋರ್ಟಿನ ತೀರ್ಪುಗಳನ್ನೇ ತೋರಿಸಿತು.

ಕಲಬುರಗಿ: ಪಾಕಿಸ್ತಾನದಲ್ಲಿ, ಸಾರ್ವಭೌಮತ್ವ ಅಲ್ಲಾಹನದು ಎನ್ನುವ ಧ್ಯೇಯ ನಿರ್ಣಯವನ್ನು ಸಂವಿಧಾನದ ಭಾಗ ಮಾಡಿದ 2ಎ ವಿಧಿ ಇರುವಾಗ ಯಾವ ಹೈಕೋರ್ಟೂ ‘ಇಸ್ಲಾಂ ವಿರೋಧಿ’ ಅಂತ ಕಾನೂನು ರದ್ದು ಮಾಡಬಹುದಲ್ಲವೇ?

ಮೇಡಂ: ಇಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 1992ರ ಹಕೀಂ ಖಾನ್ ತೀರ್ಪು: 2ಎ ಉಳಿದ ವಿಧಿಗಳ ತಲೆಯ ಮೇಲೆ ಕೂರುವುದಿಲ್ಲ. ಆ ಪರಿಶೀಲನೆ 203ಡಿ ಪ್ರಕಾರ ಫೆಡರಲ್ ಶರಿಯತ್ ಕೋರ್ಟಿನದು. ಅದಕ್ಕೂ ಸಂವಿಧಾನವನ್ನೇ ಮುಟ್ಟುವ ಅಧಿಕಾರವಿಲ್ಲ, 203ಬಿ ಓದಿ.

ದಮ್ಮಾಮ್: ಮಲೇಷ್ಯಾದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ಶರಿಯತ್ತನ್ನೇ ಕಿತ್ತುಹಾಕಿತು ಅಂತ ವೀಡಿಯೊ ನೋಡಿದೆ.

ಮಂಗಳೂರು: ಎಂತದ್ದು ಮಾರಾಯ್ರೆ, ಅಲ್ಲಿ ಅದರ ಹೆಸರು ಫೆಡರಲ್ ಕೋರ್ಟ್. ಕಿತ್ತದ್ದು ಕೆಲಾಂತನ್ ರಾಜ್ಯದ 2019ರ ಶರಿಯತ್ ಅಪರಾಧ ಸಂಹಿತೆಯ 16 ಕಲಂ ಮಾತ್ರ. ಕ್ರಿಮಿನಲ್ ಕಾನೂನು ಕೇಂದ್ರದ ಪಟ್ಟಿಯದ್ದು, ರಾಜ್ಯ ಅದಕ್ಕೆ ಕೈಹಾಕಿತು. ನಮ್ಮ ಏಳನೇ ಅನುಸೂಚಿಯ ಕೇಂದ್ರ-ರಾಜ್ಯ ಪಟ್ಟಿಗಳ ಜಗಳದ ಹಾಗೇ.

ದಮ್ಮಾಮ್: 3ನೇ ವಿಧಿಯಲ್ಲಿ ಇಸ್ಲಾಂ ಒಕ್ಕೂಟದ ಧರ್ಮ ಅಂತ ಇದೆಯಲ್ಲ, ಮತ್ತೆ ಪಟ್ಟಿ ಯಾಕೆ?

ಮಂಗಳೂರು: 3(4) ಓದಿ. ಆ ವಿಧಿಯ ಯಾವುದೂ ಸಂವಿಧಾನದ ಬೇರೆ ಭಾಗವನ್ನು ಕುಗ್ಗಿಸುವುದಿಲ್ಲ ಅಂತ ಅಲ್ಲೇ ಉಂಟು.

ದಮ್ಮಾಮ್: ವಕೀಲರೆಲ್ಲ ಹೀಗೇ, ಉಪವಿಧಿ ತೋರಿಸಿ ಬಾಯಿ ಮುಚ್ಚಿಸ್ತೀರಿ.

ಮಂಗಳೂರು: ವೀಡಿಯೊ ನೋಡಿ ಸಂವಿಧಾನ ಕಲಿತವರಿಗೆ ಮತ್ತೆಂತ ತೋರಿಸುವುದು?

ಕಾರವಾರ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಮೇಡಂ, ಮಾಲ್ಡೀವ್ಸ್‌ನಲ್ಲಿ ಮುಸ್ಲಿಮೇತರರಿಗೆ ಪೌರತ್ವ ಸಿಗದಂತೆ ಮಾಡುವ 9ನೇ ವಿಧಿ ಬಗ್ಗೆ ಹೇಳ್ತೀರಾ?

ಬಳ್ಳಾರಿ: ಪಾಕಿಸ್ತಾನದ 2ಎ ಎಲ್ಲಕ್ಕಿಂತ ಮೇಲೆ ಅಲ್ಲವೇ ಮೇಡಂ?

ಮೇಡಂ: ಮೇಲೆ ಉತ್ತರ ಇದೆ. ಓದಿ ಕೇಳಿ.

ಹಾಸನ: ಇನ್ನೊಂದು ಫಾರ್ವರ್ಡ್: ಸಂಸತ್ತಿನ ಮಸೂದೆಗಳನ್ನು ಪರಿಶೀಲಿಸುವ ಇರಾನಿನ ಕಾವಲು ಮಂಡಳಿಯ 12 ಜನರೂ ಧರ್ಮಗುರುಗಳು, ಅವರ ಮತಕ್ಕೆ ಎದುರೇ ಇಲ್ಲ.

ಮೇಡಂ: ಮತ್ತೆ ಫಾರ್ವರ್ಡ್! 91ನೇ ವಿಧಿ: 6 ಫಕೀಹರು (ಇಸ್ಲಾಮಿಕ್ ಧರ್ಮಶಾಸ್ತ್ರ ಪಂಡಿತರು), 6 ಕಾನೂನು ತಜ್ಞರು. 96: ಮಸೂದೆ ಇಸ್ಲಾಮಿಗೆ ಹೊಂದುತ್ತದೆಯೇ ಎನ್ನಲು ಆ 6 ಫಕೀಹರ ಬಹುಮತ ಸಾಕು, ಸಂವಿಧಾನಕ್ಕೆ ಹೊಂದುತ್ತದೆಯೇ ಎನ್ನಲು 12 ಜನರ ಬಹುಮತ ಬೇಕು. ಎದುರು ಇಲ್ಲ ಅನ್ನುವುದೂ ತಪ್ಪು. ಸಂಸತ್ತು ಪಟ್ಟು ಬಿಡದಿದ್ದರೆ 112ನೇ ವಿಧಿಯಂತೆ ಮಸೂದೆ ಇಬ್ಬರ ನಡುವಿನ ವಿವಾದ ತೀರ್ಮಾನಿಸುವ ಹಿತನಿರ್ಣಯ ಮಂಡಳಿಗೆ ಹೋಗುತ್ತದೆ.

ಬಳ್ಳಾರಿ: ಮೇಡಂ, ‘ಮೇಲೆ’ ಅಂದರೆ ಎಲ್ಲಿ?

ಮಂಗಳೂರು: ಕಲಬುರಗಿಯವರ ಪ್ರಶ್ನೆಯ ಕೆಳಗೆ.