ಕೋಬ್ರಾ ಬಾಡಿ ರೆಡಿ ಇದೆ, ಕೋಬ್ರಾ ಅಂತ ಹೆಸರು ಹಾಕಬಹುದಾ?

ಫೈಬರ್ ಶೆಡ್, ಹಾಸನ:
ಬಿ.ಎಂ. ರಸ್ತೆಯಲ್ಲಿ ನಂದು ಫೈಬರ್ ಕೆಲಸ. ಬಸ್ಸಿನ ಬಂಪರ್, ನೀರಿನ ತೊಟ್ಟಿ, ಟ್ಯಾಬ್ಲೋಗೆ ಆನೆ, ಏನು ಬಂದರೂ ಮಾಡುತ್ತೇನೆ. ಸಕಲೇಶಪುರದ ಕಡೆಯ ತೋಟದ ಯಜಮಾನರೊಬ್ಬರು ಎಸಿ ಕೋಬ್ರಾ ಅನ್ನೋ ಹಳೇ ಸ್ಪೋರ್ಟ್ಸ್ ಕಾರಿನ ಥರದ ಬಾಡಿ ಕೇಳಿದರು. ಹಿಂದಿನ ಚಕ್ರದ ಮೇಲಿನ ಉಬ್ಬಿಗೆ ಫೈಬರ್ ನಾರಿನ ಮ್ಯಾಟ್ ಕೂರದೆ ಸಖತ್ ಸತಾಯಿಸಿತು, ಅಂತೂ ಬಾಡಿ ಅಚ್ಚಿನಿಂದ ಬಿಟ್ಟುಕೊಂಡಿದೆ. ಈಗ ಮೂತಿಗೆ ಹಾವಿನ ಬ್ಯಾಡ್ಜೂ ಬೇಕಂತೆ. ನನ್ನ ಆಸೆ ಬೇರೆ. ಅಚ್ಚು ನನ್ನ ಹತ್ತಿರವೇ ಇದೆ. ಇನ್ನೂ ನಾಲ್ಕು ಬಾಡಿ ತೆಗೆದು ‘ಕೋಬ್ರಾ’ ಅಂತಲೇ ಜಾಹೀರಾತು ಹಾಕೋಣ ಅಂತ. ಕೆಳಗೆ ‘ರೆಪ್ಲಿಕಾ’ (ನಕಲು) ಅಂತ ಬರೆದರೆ ಸಾಕಲ್ವಾ? ಅರವತ್ತು ವರ್ಷದ ಹಿಂದಿನ ಕಾರಿಗೆ ಈಗ ಯಾರು ಕೇಳ್ತಾರೆ?

ಕೆಎ-18 ಗ್ಯಾರೇಜ್:
ಕೇಳೋರು ಇದ್ದಾರೆ ಮಾರಾಯ್ರೇ. 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಕಾರಿಗೆ ಫೋರ್ಡ್ ವಿ8 ಎಂಜಿನ್ ಕೂರಿಸಿ ಕೋಬ್ರಾ ಮಾಡಿದ ಕ್ಯಾರೊಲ್ ಶೆಲ್ಬಿ, ಮುಂದೆ ರೆಪ್ಲಿಕಾ ಮಾಡುವವರನ್ನೂ ಕೋರ್ಟಿಗೆ ಎಳೆದರು. ಅಮೆರಿಕದ ಫ್ಯಾಕ್ಟರಿ ಫೈವ್ ಕಂಪನಿ ಅದೇ ಆಕಾರದ, ನಾವೇ ಜೋಡಿಸಿಕೊಳ್ಳುವ ಕಿಟ್ ಮಾರುತ್ತದೆ, ಹೆಸರು ಮಾತ್ರ ಬರೀ ‘ರೋಡ್‌ಸ್ಟರ್’. ಕೊಳ್ಳುವವರಿಗೆಲ್ಲ ಅದು ಏನು ಅಂತ ಗೊತ್ತು, ಕಂಪನಿ ಬಾಯಿ ಬಿಡಲ್ಲ ಅಷ್ಟೇ. ನಮ್ಮ ಯಜ್ಡಿ ಬೈಕನ್ನೇ ನೋಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹೆಸರಿನ ಜಗಳ ಆಮೇಲೆ ಹೈಕೋರ್ಟ್ ಹತ್ತಿತು. ಬ್ಯಾಡ್ಜ್ ಸಹವಾಸ ಬೇಡ.

ಕರಿಕೋಟು:
ಹೆಸರು ಬಿಟ್ಟರೆ ಎಲ್ಲ ಮುಗೀತು ಅಂತಲ್ಲ. ಅಮೆರಿಕದಲ್ಲಿ ರಾಬರ್ಟ್ಸ್ ಅನ್ನುವವರು ಫೆರಾರಿ ಕಂಪನಿಯ ಡೇಟೋನಾ ಕಾರಿನ ಆಕಾರದ ಫೈಬರ್ ಬಾಡಿ ಮಾಡಿ ‘ಮಯಾಮಿ ಸ್ಪೈಡರ್’ ಅಂತ ಮಾರಿದರು, ಫೆರಾರಿ ಕೇಸು ಹಾಕಿತು. ನಿಮ್ಮ ಹಾಗೇ ‘ಇದು ಅಸಲಿ ಅಲ್ಲ ಅಂತ ಗಿರಾಕಿಗೆ ಹೇಳಿದ್ದೇನೆ’ ಅಂದರು. 1991ರ ಮೇಲ್ಮನವಿಯಲ್ಲೂ ಸೋತರು. ಗಿರಾಕಿಗೆ ಗೊತ್ತಿದ್ದರೂ ರಸ್ತೆಯಲ್ಲಿ ನೋಡುವವನಿಗೆ ಗೊತ್ತಿರಲ್ಲ ಅನ್ನೋದು ಕೋರ್ಟಿನ ವಾದ. ಆದರೆ 2020ರಲ್ಲಿ ಯುರೋಪಿನಲ್ಲಿ ಅದೇ ಫೆರಾರಿ ಕಂಪನಿ ತನ್ನ 250 ಜಿಟಿಓ ಕಾರಿನ ಆಕಾರದ ಟ್ರೇಡ್‌ಮಾರ್ಕನ್ನು ಕಾರುಗಳ ಮಟ್ಟಿಗೆ ಕಳೆದುಕೊಂಡಿತು, ಆಟಿಕೆ ಕಾರಿಗೆ ಉಳಿಯಿತು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ವಸ್ತುವಿನ ಆಕಾರ ಟ್ರೇಡ್‌ಮಾರ್ಕ್ ಆಗಬಹುದು. ಒಂದು ಬಾಡಿ ಮಾಡಿಕೊಟ್ಟು ಸುಮ್ನಿರೋದು ಬೇರೆ, ಜಾಹೀರಾತು ಹಾಕಿ ಮಾರೋದು ಬೇರೆ. ಎರಡನೆಯದಕ್ಕೆ ಇಳಿಯೋ ಮೊದಲು ಟ್ರೇಡ್‌ಮಾರ್ಕ್ ಕೇಸು ನಡೆಸುವ ವಕೀಲರಿಗೆ ಫೋಟೋ ತೋರಿಸಿ.

ಕೆಎ-18 ಗ್ಯಾರೇಜ್:
ಆರ್‌ಟಿಓ ಕಥೆಯೂ ಇದೆ. ಯಾವ ಗಾಡಿಯ ಛಾಸಿ ಮೇಲೆ ಕೂರಿಸ್ತೀರಿ? ಆರ್‌ಸಿಯಲ್ಲಿ ಇರೋದೇ ಒಂದು, ರಸ್ತೆ ಮೇಲೆ ಓಡೋದೇ ಒಂದು ಆದರೆ ಟ್ರೇಡ್‌ಮಾರ್ಕಿಗಿಂತ ಮೊದಲು ಅಲ್ಲೇ ಸಿಕ್ಕಿಬೀಳ್ತೀರಿ.

ಫೈಬರ್ ಶೆಡ್, ಹಾಸನ:
ಛಾಸಿ ಅವರದೇ ಹಳೇ ಜೀಪಿಂದು. ಆರ್‌ಟಿಓ ತಲೆನೋವು ಅವರೇ ನೋಡ್ಕೋತಾರಂತೆ, ನಂಗೇನೋ ನಂಬಿಕೆ ಇಲ್ಲ. ಬ್ಯಾಡ್ಜ್ ಆಗಲ್ಲ ಅಂದೆ, ಮುಖ ಸಣ್ಣ ಮಾಡಿಕೊಂಡು ‘ಹಾಗಾದ್ರೆ ತೋಟದ ಹೆಸರೇ ಹಾಕು’ ಅಂದರು. ಆ ಹೆಸರನ್ನು ಬೇರೆ ಯಾರಾದರೂ ರಿಜಿಸ್ಟರ್ ಮಾಡಿಸಿಕೊಂಡಿದ್ದಾರಾ ಅಂತ ಎಲ್ಲಿ ನೋಡೋದು?

ಕರಿಕೋಟು:
ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿ, ದುಡ್ಡಿಲ್ಲ. ಅಲ್ಲಿ ವಸ್ತುಗಳನ್ನು ಕ್ಲಾಸ್ ಅಂತ ವಿಂಗಡಿಸಿರ್ತಾರೆ, ವಾಹನಗಳದ್ದು ಕ್ಲಾಸ್ 12.